ಬಾಳೆಹಣ್ಣು ಸಾಗಿಸುತ್ತಿದ್ದ ಹಡಗಿನ ಆರು ತಿಂಗಳ ಯುದ್ಧ

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಬಳಿ ‘ಅಡಾಸಿಟಿ’ ಎಂಬ ಸಣ್ಣ ವಿಮಾನವಾಹಕ ನೌಕೆ ಇತ್ತೆಂದು ಓದಿದೆ. ಅದು ಮೊದಲು ಜರ್ಮನಿಯ ಹಡಗಾಗಿತ್ತಂತೆ. ಆರೇ ತಿಂಗಳು ಕೆಲಸ ಮಾಡಿ ಮುಳುಗಿಹೋಯಿತಂತೆ. ಇಷ್ಟು ಅಲ್ಪಾಯುಷಿಯಾದ ಹಡಗಿಗೆ ನೌಕಾ ಇತಿಹಾಸದಲ್ಲಿ ಅಷ್ಟೊಂದು ಮಹತ್ವ ಏಕೆ? ವಿಮಾನಗಳನ್ನು ಇಡಲು ಒಳಗೆ ಜಾಗವೇ ಇರಲಿಲ್ಲ ಎನ್ನುತ್ತಾರೆ, ಅದು ನಿಜವೇ? ಕೊನೆಗೆ ಅದು ಮುಳುಗಿದ್ದು ಯಾರ ತಪ್ಪಿನಿಂದ?

ಉತ್ತರ: ನೀವು ಓದಿದ್ದೆಲ್ಲ ನಿಜ. ಜಾಗ ಇರಲಿಲ್ಲ ಎಂಬುದೂ ನಿಜ. ಯುದ್ಧಕಾಲದ ನೂರಾರು ಹಡಗುಗಳ ಚರಿತ್ರೆ ಓದಿದ್ದೇನೆ, ಆದರೆ ಪುಟ ತಿರುಗಿಸಿ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಓದುವಂತೆ ಮಾಡಿದ್ದು ಈ ಪುಟ್ಟ ಹಡಗು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಡಗಿನ ಹುಟ್ಟುಹೆಸರು ‘ಹ್ಯಾನೋವರ್’. ಜರ್ಮನಿಯ ಬ್ರೆಮೆನ್ ಬಳಿಯ ವೇಗೆಸಾಕ್‌ನಲ್ಲಿರುವ ಬ್ರೆಮರ್ ವುಲ್ಕಾನ್ ಕಟ್ಟೆಯಲ್ಲಿ 1939ರಲ್ಲಿ ನೀರಿಗಿಳಿದ ಹೊಚ್ಚ ಹೊಸ ಸರಕು ಹಡಗು. 5,537 ಟನ್ನಿನದು. ನಾರ್ಡ್‌ಡಾಯ್ಚರ್ ಲಾಯ್ಡ್ ಕಂಪನಿಯವರು ಅದನ್ನು ಕಟ್ಟಿಸಿದ್ದು ಕೆರಿಬಿಯನ್ ದ್ವೀಪಗಳ ಕಡೆಯಿಂದ ಯೂರೋಪಿಗೆ ಬಾಳೆಹಣ್ಣು ತರುವುದಕ್ಕಾಗಿ. ಬಾಳೆಹಣ್ಣು ದಾರಿಯಲ್ಲಿ ಕೊಳೆಯಬಾರದು, ಆದ್ದರಿಂದ ಹಡಗು ಸಾಮಾನ್ಯ ಸರಕು ಹಡಗಿಗಿಂತ ಚುರುಕಾಗಿ ಓಡಬೇಕಿತ್ತು: ಸುಮಾರು 15 ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರ್ ಆಸುಪಾಸು. ಆ ಚುರುಕೇ ಮುಂದೆ ಅದರ ಹಣೆಬರಹವನ್ನು ಬದಲಿಸಿತು.

ಯುದ್ಧ ಶುರುವಾದಾಗ ಹ್ಯಾನೋವರ್ ಅಟ್ಲಾಂಟಿಕ್‌ನ ಆಚೆ ದಡದಲ್ಲಿತ್ತು. ತಟಸ್ಥವಾಗಿದ್ದ ಡಚ್ಚರ ಕುರಸಾವ್ ದ್ವೀಪದಲ್ಲಿ ಆಶ್ರಯ ಪಡೆಯಿತು. 1940ರ ಮಾರ್ಚ್‌ನಲ್ಲಿ ಕದ್ದುಮುಚ್ಚಿ ಊರಿಗೆ ಮರಳಲು ಹೊರಟಾಗ, ಹಿಸ್ಪಾನಿಯೋಲಾ ಮತ್ತು ಪೋರ್ಟೊ ರಿಕೊ ನಡುವಿನ ಮೋನಾ ಜಲಸಂಧಿಯಲ್ಲಿ, 7ರ ರಾತ್ರಿ ಬ್ರಿಟನ್ನಿನ ಯುದ್ಧನೌಕೆ ಡನೀಡಿನ್‌ನ ಕಣ್ಣಿಗೆ ಬಿತ್ತು. ಕೆನಡಾದ ಅಸಿನಿಬೋಯ್ನ್ ಕೂಡ ಜೊತೆಗೂಡಿತು. ಜರ್ಮನ್ ನಾವಿಕರು ಆಜ್ಞೆಯಂತೆ ಹಡಗಿಗೆ ಬೆಂಕಿ ಹಚ್ಚಿ, ತಳದ ಕವಾಟಗಳನ್ನು ತೆರೆದು ಅದನ್ನು ಮುಳುಗಿಸಲು ನೋಡಿದರು. ಡನೀಡಿನ್‌ನವರು ಉರಿಯುತ್ತಿದ್ದ ಹಡಗಿಗೆ ಹಾರಿ, ಕವಾಟ ಮುಚ್ಚಿ, ದಿನಗಟ್ಟಲೆ ಬೆಂಕಿಯೊಡನೆ ಹೆಣಗುತ್ತಲೇ ಅದನ್ನು ಜಮೈಕಾದ ಕಿಂಗ್‌ಸ್ಟನ್‌ಗೆ ಎಳೆದು ತಂದರು. ಸುಟ್ಟು ಕರಕಲಾಗಿದ್ದರೂ ತಳ ಮತ್ತು ಎಂಜಿನ್ ಗಟ್ಟಿಯಾಗಿಯೇ ಉಳಿದಿದ್ದವು. ಕೆಲವು ಕಾಲ ಅದಕ್ಕೆ ‘ಸಿಂದಬಾದ್’ ಎಂದು ಹೆಸರಿಟ್ಟಿದ್ದರು, ಆಮೇಲೆ ‘ಎಂಪೈರ್ ಅಡಾಸಿಟಿ’, ಕಡೆಗೆ 1941ರ ಜುಲೈನಲ್ಲಿ ಬರೀ ‘ಅಡಾಸಿಟಿ’. ಕನ್ನಡದಲ್ಲಿ ಎದೆಗಾರಿಕೆ ಎನ್ನಬಹುದು. ಹೆಸರಿಟ್ಟವರಿಗೆ ಮುಂದಿನದು ಗೊತ್ತಿತ್ತೇನೋ ಎನ್ನಿಸುತ್ತದೆ.

ಬ್ರಿಟಿಷರಿಗೆ ಇಂಥ ಹಡಗು ಏಕೆ ಬೇಕಾಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತ ಮೇಲೆ ಜರ್ಮನ್ನರಿಗೆ ಅಟ್ಲಾಂಟಿಕ್ ತೀರವೇ ಕೈಗೆ ಸಿಕ್ಕಿತು. ಬೋರ್ಡೊ ಬಳಿಯ ಮೆರಿನ್ಯಾಕ್ ನಿಲ್ದಾಣದಿಂದ ಫೋಕ್-ವುಲ್ಫ್ ಕಾಂಡೋರ್ ಎಂಬ ನಾಲ್ಕು ಎಂಜಿನ್‌ಗಳ ದೊಡ್ಡ ವಿಮಾನಗಳು ಸಮುದ್ರದ ಮೇಲೆ ಬಹುದೂರ ಹಾರತೊಡಗಿದವು. ಈ ಕಾಂಡೋರ್ ಕೂಡ ಹುಟ್ಟಿನಿಂದ ಯುದ್ಧವಿಮಾನವಲ್ಲ, ಪ್ರಯಾಣಿಕರ ವಿಮಾನ. 1938ರಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಹಾರಿ ಹೆಸರು ಮಾಡಿತ್ತು. ಈಗ ಅದಕ್ಕೆ ಬಾಂಬು, ಬಂದೂಕು ಕಟ್ಟಿ ಕಳಿಸಿದ್ದರು. ಅದು ಒಂಟಿ ಹಡಗುಗಳನ್ನು ಬಾಂಬಿನಿಂದ ಮುಳುಗಿಸುತ್ತಿತ್ತು, ಸಾಲಾಗಿ ಸಾಗುವ ಸರಕು ಹಡಗುಗಳ ತಂಡ ಕಂಡರೆ ದೂರದಲ್ಲೇ ಸುತ್ತು ಹಾಕುತ್ತಾ ರೇಡಿಯೊದಲ್ಲಿ ಅದರ ಸ್ಥಾನ ತಿಳಿಸಿ ಜಲಾಂತರ್ಗಾಮಿಗಳನ್ನು ಕರೆಯುತ್ತಿತ್ತು. ಆಕಾಶದಲ್ಲಿ ಹದ್ದು ಸುತ್ತಿದರೆ ಕೆಳಗೆ ಏನೋ ಇದೆಯೆಂದು ಊರಿಗೆಲ್ಲ ಗೊತ್ತಾಗುವುದಿಲ್ಲವೇ, ಹಾಗೆ. ಚರ್ಚಿಲ್ ಅದನ್ನು ಅಟ್ಲಾಂಟಿಕ್‌ನ ಪೀಡೆ ಎಂದೇ ಕರೆದರು.

ಬ್ರಿಟನ್ನಿನಿಂದ ಸ್ಪೇನಿನ ದಕ್ಷಿಣ ತುದಿಯ ಬ್ರಿಟಿಷ್ ನೆಲೆ ಜಿಬ್ರಾಲ್ಟರ್‌ಗೆ ಹೋಗುವ ದಾರಿಯಲ್ಲಿ ಈ ಪೀಡೆ ಎಲ್ಲಕ್ಕಿಂತ ಹೆಚ್ಚಾಗಿತ್ತು, ಏಕೆಂದರೆ ಆ ದಾರಿ ಬೋರ್ಡೊದ ಮುಂದೆಯೇ ಹಾದುಹೋಗುತ್ತಿತ್ತು. ದೊಡ್ಡ ವಿಮಾನವಾಹಕಗಳನ್ನು ಸರಕು ಹಡಗುಗಳ ಕಾವಲಿಗೆ ಕಳಿಸುವಷ್ಟು ಅನುಕೂಲ ಬ್ರಿಟನ್ನಿಗೆ ಇರಲಿಲ್ಲ. ಒಂದು ದಾರಿ ಹುಡುಕಿದ್ದರು: ಸರಕು ಹಡಗಿನ ಮುಂಭಾಗದಲ್ಲಿ ಒಂದು ಹರಿಕೇನ್ ಯುದ್ಧವಿಮಾನವನ್ನು ಕೂರಿಸಿ, ಕಾಂಡೋರ್ ಕಂಡಾಗ ರಾಕೆಟ್ ಬಲದಿಂದ ಕವಣೆಕಲ್ಲಿನಂತೆ ಮೇಲಕ್ಕೆಸೆಯುವುದು. ಹಾರಿದ ವಿಮಾನಕ್ಕೆ ಮರಳಿ ಇಳಿಯಲು ಜಾಗವಿಲ್ಲ. ಪೈಲಟ್ ಕೆಲಸ ಮುಗಿಸಿ ಸಮುದ್ರಕ್ಕೇ ಬೀಳಬೇಕು, ಯಾರಾದರೂ ಎತ್ತಿಕೊಂಡರೆ ಬದುಕಿದ. ಒಂದು ವಿಮಾನ, ಒಂದೇ ಹಾರಾಟ. ಇದಕ್ಕಿಂತ ಮೇಲಾದ್ದು ಬೇಕಿತ್ತು.

ಹೀಗೆ 1941ರ ಜನವರಿಯಲ್ಲಿ ಹ್ಯಾನೋವರ್ ಇಂಗ್ಲೆಂಡಿನ ಈಶಾನ್ಯ ತೀರದ ಬ್ಲೈತ್ ಹಡಗುಕಟ್ಟೆಗೆ ಹೋಯಿತು. ಅಲ್ಲಿ ಅದರ ಮೇಲಿನ ಕೋಣೆ, ಹೊಗೆಕೊಳವೆ, ಕೂವೆ ಎಲ್ಲವನ್ನೂ ಬೋಳಿಸಿ, ಮೇಲೆ ಒಂದು ಉದ್ದನೆಯ ಉಕ್ಕಿನ ಚಪ್ಪರ ಹೊದಿಸಿದರು, ಅದೇ ವಿಮಾನಗಳು ಏರಿಳಿಯುವ ಡೆಕ್. ಉದ್ದ ಸುಮಾರು 140 ಮೀಟರ್, ಅಗಲ 18 ಮೀಟರ್. ನಮ್ಮ ಕಾರವಾರದ ನೌಕಾನೆಲೆಗೆ ಬರುವ ವಿಕ್ರಮಾದಿತ್ಯದ ಉದ್ದ 284 ಮೀಟರ್. ಹೆಚ್ಚುಕಡಿಮೆ ಅದರ ಅರ್ಧದಷ್ಟೇ ಉದ್ದದ ಹಡಗು ಇದು. ಜೂನ್ ತಿಂಗಳಲ್ಲಿ ಕೆಲಸ ಮುಗಿದು ಕಮಾಂಡರ್ ಡಗ್ಲಸ್ ಮೆಕೆಂಡ್ರಿಕ್ ಅದರ ಹೊಣೆ ವಹಿಸಿಕೊಂಡರು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಹೌದು, ಹ್ಯಾಂಗರ್ ಇರಲಿಲ್ಲ. ವಿಮಾನವನ್ನು ಮೇಲೆ ಕೆಳಗೆ ಸಾಗಿಸುವ ಲಿಫ್ಟ್ ಕೂಡ ಇರಲಿಲ್ಲ. ವಿಮಾನವಾಹಕ ಎಂದೊಡನೆ ಕಣ್ಣಿಗೆ ಬರುವ, ಒಂದು ಅಂಚಿನಲ್ಲಿ ಎದ್ದು ನಿಂತ ಗೋಪುರವೂ ಇರಲಿಲ್ಲ. ಆರರಿಂದ ಎಂಟು ಮಾರ್ಟ್‌ಲೆಟ್ ವಿಮಾನಗಳು, ಅವು ಅಮೆರಿಕದ ಗ್ರಮನ್ ಕಂಪನಿಯ ಗಿಡ್ಡ, ದುಂಡನೆಯ ಯುದ್ಧವಿಮಾನಗಳು, ಹಗಲೂ ರಾತ್ರಿ ಬಯಲಿನಲ್ಲೇ, ಅಟ್ಲಾಂಟಿಕ್‌ನ ಮಳೆಗಾಳಿಗೆ ಮೈಯೊಡ್ಡಿ, ಹಗ್ಗದಲ್ಲಿ ಕಟ್ಟಿಸಿಕೊಂಡು ನಿಂತಿರುತ್ತಿದ್ದವು.

ಇದರ ಅರ್ಥವೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ವಿಮಾನಗಳೆಲ್ಲ ಡೆಕ್ಕಿನ ಹಿಂಭಾಗದಲ್ಲಿ ನಿಂತಿವೆ. ಮೊದಲು ಹಾರುವ ವಿಮಾನಕ್ಕೆ ಇಡೀ ಡೆಕ್ ಸಿಗುವುದಿಲ್ಲ, ಮುಂದಿನ ಭಾಗವಷ್ಟೇ. ಅದು ಮರಳಿ ಇಳಿಯುವಾಗ ಹಿಂಭಾಗ ಖಾಲಿಯಾಗಿರಬೇಕು, ಆದ್ದರಿಂದ ಅಷ್ಟರಲ್ಲಿ ಉಳಿದ ವಿಮಾನಗಳನ್ನೆಲ್ಲ ಕೈಯಿಂದ ಮುಂದಕ್ಕೆ ತಳ್ಳಬೇಕು. ಇಳಿದಾಯಿತೇ, ಎಲ್ಲವನ್ನೂ ಮತ್ತೆ ಹಿಂದಕ್ಕೆ. ಇದು ದಿನಕ್ಕೆ ಹಲವು ಬಾರಿ, ಒದ್ದೆಯಾದ, ಓಲಾಡುವ ಡೆಕ್ಕಿನ ಮೇಲೆ. ಮಾರ್ಟ್‌ಲೆಟ್‌ನ ರೆಕ್ಕೆಯಗಲವೇ 11 ಮೀಟರಿಗೂ ಹೆಚ್ಚು. 18 ಮೀಟರಿನ ಡೆಕ್ಕಿನಲ್ಲಿ ಎಡಕ್ಕೂ ಬಲಕ್ಕೂ ಉಳಿಯುವುದು ಮೂರೇ ಮೀಟರ್. ವಿಮಾನದ ಬಾಲದ ಕೊಕ್ಕೆಯನ್ನು ಹಿಡಿದು ನಿಲ್ಲಿಸಲು ಅಡ್ಡಲಾಗಿ ಕಟ್ಟಿದ್ದ ತಂತಿಗಳು ಎರಡೋ ಮೂರೋ. ಅವು ತಪ್ಪಿದರೆ ಮುಂದೆ ನಿಂತಿರುವ ವಿಮಾನಗಳಿಗೆ ಹೋಗಿ ಬಡಿಯುವುದನ್ನು ತಡೆಯಲು ಒಂದು ಅಡ್ಡಬೇಲಿ. ಚಳಿಗಾಲದ ಸಮುದ್ರದಲ್ಲಿ ಹಡಗಿನ ಹಿಂಭಾಗ ಹತ್ತಾರು ಅಡಿ ಏರಿಳಿಯುತ್ತಿತ್ತು. ಪೈಲಟ್ ಅದರ ಲಯ ನೋಡಿಕೊಂಡು, ಏಳುವ ಡೆಕ್ ಗುದ್ದದಂತೆ, ಇಳಿಯುವ ಡೆಕ್ ಕೈತಪ್ಪದಂತೆ ವಿಮಾನವನ್ನು ಕೂರಿಸಬೇಕಿತ್ತು.

ನನ್ನ ಮನಸ್ಸನ್ನು ಪೈಲಟ್‌ಗಳಿಗಿಂತಲೂ ಹೆಚ್ಚಾಗಿ ತಟ್ಟಿದವರು ಮೆಕ್ಯಾನಿಕ್‌ಗಳು. ಹಗಲೆಲ್ಲ ವಿಮಾನಗಳು ಹಾರುತ್ತಿದ್ದುದರಿಂದ ರಿಪೇರಿ ರಾತ್ರಿಯೇ ಆಗಬೇಕಿತ್ತು. ಡೆಕ್ಕಿನ ಮೇಲೆ ದೀಪ ಹಚ್ಚಿದರೆ ಮೈಲಿಗಟ್ಟಲೆ ದೂರದ ಜಲಾಂತರ್ಗಾಮಿಗೂ ಕಾಣುತ್ತದೆ. ಬೆಳಕು ಹೊರಗೆ ಚೆಲ್ಲದಂತೆ ಮರೆಮಾಡಿದ ಟಾರ್ಚ್ ಹಿಡಿದು, ಉಪ್ಪುನೀರಿನ ತುಂತುರಿನಲ್ಲಿ, ಮರಗಟ್ಟಿದ ಬೆರಳುಗಳಿಂದ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದರು. ಕೈಜಾರಿದ ಸ್ಪ್ಯಾನರ್ ನೇರ ಸಮುದ್ರಕ್ಕೆ. ಬೆಳಗಾಗುವಷ್ಟರಲ್ಲಿ ವಿಮಾನ ಹಾರಲು ಸಿದ್ಧವಾಗಿರಬೇಕಿತ್ತು, ಬಹಳ ದಿನ ಆಗಿಯೂ ಇತ್ತು. ಅವರ ಹೆಸರುಗಳು ಯುದ್ಧದ ಕಥೆಗಳಲ್ಲಿ ಬರುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಸಂಗತಿ: ಹಳೆಯ ಹ್ಯಾನೋವರ್‌ನ ಪ್ರಯಾಣಿಕರ ಕೋಣೆಗಳನ್ನು ತೆಗೆದಿರಲಿಲ್ಲವಾದ್ದರಿಂದ ಪೈಲಟ್‌ಗಳಿಗೆ ಸ್ನಾನದ ಮನೆಯಿರುವ ಒಳ್ಳೆಯ ಕೋಣೆಗಳೇ ಸಿಕ್ಕಿದ್ದವು. ಮೇಲೆ ಡೆಕ್ಕಿನಲ್ಲಿ ಬಡತನ, ಕೆಳಗೆ ವೈಭೋಗ.

ಮೊದಲ ಪಯಣ 1941ರ ಸೆಪ್ಟೆಂಬರ್‌ನಲ್ಲಿ, ಜಿಬ್ರಾಲ್ಟರ್‌ಗೆ ಹೋಗುತ್ತಿದ್ದ ಓಜಿ 74 ಎಂಬ ಹಡಗು ತಂಡದ ಕಾವಲಿಗೆ. 21ರಂದು ಒಂದು ಕಾಂಡೋರ್ ಬಂದು, ಮುಳುಗಿದ ಹಡಗುಗಳ ಜನರನ್ನು ಎತ್ತಿಕೊಂಡು ಹಿಂದುಳಿದಿದ್ದ ವಾಮರ್ ಕ್ಯಾಸಲ್ ಎಂಬ ರಕ್ಷಣಾ ಹಡಗಿನ ಮೇಲೆ ಬಾಂಬು ಹಾಕಿ ಸುಟ್ಟಿತು. ಇಬ್ಬರು ಮಾರ್ಟ್‌ಲೆಟ್ ಪೈಲಟ್‌ಗಳು ಅದನ್ನು ಹಿಂಬಾಲಿಸಿ ಗುಂಡು ಹಾರಿಸಿದಾಗ ಆ ದೈತ್ಯ ವಿಮಾನದ ಬಾಲವೇ ಕಳಚಿಬಿತ್ತು. ಬೆಂಗಾವಲು ವಿಮಾನವಾಹಕವೊಂದರಿಂದ ಹಾರಿದ ವಿಮಾನ ಶತ್ರು ವಿಮಾನವನ್ನು ಉರುಳಿಸಿದ್ದು ಅದೇ ಮೊದಲು.

ನವೆಂಬರ್‌ನ ಎರಡನೆಯ ಪಯಣದಲ್ಲಿ ಸಂತೋಷವೂ ದುಃಖವೂ ಒಟ್ಟಿಗೆ ಬಂದವು. 8ರಂದು ಎರಡು ಕಾಂಡೋರ್‌ಗಳು ಬಿದ್ದವು, ಆದರೆ ಅಡಾಸಿಟಿಯ ವಿಮಾನ ತಂಡವಾದ 802ನೆಯ ಸ್ಕ್ವಾಡ್ರನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕಮಾಂಡರ್ ವಿಂಟೂರ್ ಕಾಂಡೋರ್‌ನ ಗುಂಡಿಗೆ ಬಲಿಯಾದರು. ಅವತ್ತು ಇನ್ನೊಂದು ಕಾಂಡೋರ್ ಉರುಳಿಸಿದವರು ಎರಿಕ್ ಬ್ರೌನ್ ಎಂಬ 22 ವರ್ಷದ ಹುಡುಗ. ಹಿಂದಿನಿಂದ ಹೋದರೆ ಕಾಂಡೋರ್‌ನ ಬಂದೂಕುಗಳು ಕಾದಿರುತ್ತವೆ. ಬ್ರೌನ್ ಎದುರಿನಿಂದ, ನೇರವಾಗಿ ಅದರ ಮೂಗಿನತ್ತಲೇ ನುಗ್ಗಿ, ಗಾಜಿನ ಹಿಂದೆ ಕೂತ ಚಾಲಕರ ಕೋಣೆಗೇ ಗುಂಡು ಸುರಿಸಿ, ಡಿಕ್ಕಿ ಹೊಡೆಯುವ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದರು. ಈ ಬ್ರೌನ್ ಮುಂದೆ ಜಗತ್ತಿನ ಅತ್ಯಂತ ಅನುಭವಿ ಪರೀಕ್ಷಾ ಪೈಲಟ್‌ಗಳಲ್ಲಿ ಒಬ್ಬರಾದರು: 487 ಬಗೆಯ ವಿಮಾನಗಳನ್ನು ಹಾರಿಸಿದರು, ಹಡಗಿನ ಡೆಕ್ಕುಗಳ ಮೇಲೆ 2,407 ಸಲ ಇಳಿದರು, 2016ರವರೆಗೆ ಬದುಕಿದ್ದರು. ಅಡಾಸಿಟಿಯಂಥ ಡೆಕ್ಕಿನಲ್ಲಿ ಪಳಗಿದವರಿಗೆ ಇನ್ಯಾವ ಡೆಕ್ ಕಷ್ಟವಾದೀತು!

ನಿಮ್ಮ ಮೊದಲ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಮೂರನೆಯ ಪಯಣದಲ್ಲಿ. ಡಿಸೆಂಬರ್ 14ರಂದು ಎಚ್‌ಜಿ 76 ಎಂಬ ತಂಡ, 32 ಸರಕು ಹಡಗುಗಳು, ಜಿಬ್ರಾಲ್ಟರ್‌ನಿಂದ ಬ್ರಿಟನ್ನಿಗೆ ಹೊರಟಿತು. ಕಾವಲಿನ ಮುಖ್ಯಸ್ಥ ಕಮಾಂಡರ್ ಫ್ರೆಡರಿಕ್ ಜಾನ್ ವಾಕರ್, ಅವರ ಹಡಗು ಸ್ಟಾರ್ಕ್. ಆ ಹೊತ್ತಿಗೆ ವಾಕರ್ ಅಷ್ಟೇನೂ ಹೆಸರು ಮಾಡಿದವರಲ್ಲ, ಬಡ್ತಿ ಸಿಗದೆ ಮೂಲೆಗುಂಪಾಗಿದ್ದ ಅಧಿಕಾರಿ. ಜಲಾಂತರ್ಗಾಮಿ ಬೇಟೆಯಲ್ಲಿ ಅವರನ್ನು ಮೀರಿಸಿದವರಿಲ್ಲ ಎಂಬುದು ಈ ಒಂದು ವಾರದಲ್ಲಿ ಲೋಕಕ್ಕೆ ತಿಳಿಯಿತು. ಅಡಾಸಿಟಿಯಲ್ಲಿ ಹಾರುವ ಸ್ಥಿತಿಯಲ್ಲಿದ್ದ ವಿಮಾನಗಳು ಒಂದು ಕೈಯ ಬೆರಳೆಣಿಕೆಯಷ್ಟು.

17ರ ಬೆಳಿಗ್ಗೆ ಗಸ್ತಿನಲ್ಲಿದ್ದ ಒಂದು ಮಾರ್ಟ್‌ಲೆಟ್, ಹಡಗು ತಂಡದಿಂದ ಸುಮಾರು 22 ಮೈಲಿ ದೂರದಲ್ಲಿ ನೀರಿನ ಮೇಲೆ ಓಡುತ್ತಿದ್ದ ಯು-131 ಎಂಬ ಜಲಾಂತರ್ಗಾಮಿಯನ್ನು ಕಂಡಿತು. ಇಲ್ಲಿ ಒಂದು ಮಾತು. ಅಂದಿನ ಜಲಾಂತರ್ಗಾಮಿಗಳು ಇಂದಿನಂತೆ ಸದಾ ನೀರಿನಡಿ ಇರುವಂಥವಲ್ಲ. ನೀರಿನಡಿಯಲ್ಲಿ ಅವು ಬ್ಯಾಟರಿಯಿಂದ ಆಮೆಯ ವೇಗದಲ್ಲಿ ಸಾಗುತ್ತಿದ್ದವು. ಹಡಗು ತಂಡವನ್ನು ಹಿಂಬಾಲಿಸಿ, ಅದನ್ನು ದಾಟಿ ಮುಂದೆ ಹೋಗಿ ಕಾಯಬೇಕಾದರೆ ಹಗಲಿನಲ್ಲಿ ನೀರಿನ ಮೇಲೆಯೇ ಡೀಸೆಲ್ ಎಂಜಿನ್ ಹಾಕಿ ಓಡಬೇಕಿತ್ತು. ಹಡಗಿನ ಕಾವಲುಗಾರನಿಗೆ ದಿಗಂತದಾಚೆ ಕಾಣುವುದಿಲ್ಲ, ವಿಮಾನಕ್ಕೆ ಕಾಣುತ್ತದೆ. ವಿಮಾನ ಕಂಡೊಡನೆ ಜಲಾಂತರ್ಗಾಮಿ ಮುಳುಗಲೇಬೇಕು, ಮುಳುಗಿದರೆ ಹಿಂದೆ ಬೀಳುತ್ತದೆ, ಹಿಂದೆ ಬಿದ್ದರೆ ರಾತ್ರಿ ದಾಳಿ ಮಾಡಲು ಅಲ್ಲಿರುವುದಿಲ್ಲ. ಶತ್ರುವಿನ ಹಗಲನ್ನೇ ಕಸಿದುಕೊಳ್ಳುವುದು ಎಂದರೆ ಇದು. ಅಡಾಸಿಟಿಯ ಲೆಕ್ಕವನ್ನು ಉರುಳಿಸಿದ ವಿಮಾನಗಳ ಸಂಖ್ಯೆಯಲ್ಲಿ ಹುಡುಕುವವರು ಈ ದೊಡ್ಡ ಲಾಭವನ್ನು ಮರೆಯುತ್ತಾರೆ.

ವಾಕರ್ ಕೂಡಲೇ ಹಡಗುಗಳನ್ನು ಓಡಿಸಿದರು. ನೀರಿನಡಿ ಸಿಡಿಯುವ ಬಾಂಬುಗಳಿಂದ ಜಖಂಗೊಂಡ ಯು-131 ಮೇಲೆದ್ದಿತು. ಅದರ ಮೇಲೆ ಗುಂಡು ಸುರಿಸುತ್ತಾ ಎರಗಿದ ಮಾರ್ಟ್‌ಲೆಟ್‌ನಲ್ಲಿದ್ದವರು ಸಬ್ ಲೆಫ್ಟಿನೆಂಟ್ ಜಾರ್ಜ್ ಫ್ಲೆಚರ್. ಜಲಾಂತರ್ಗಾಮಿಯ ಬಂದೂಕಿನ ಗುಂಡು ತಗುಲಿ ವಿಮಾನ ಸಮುದ್ರಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಹಡಗುಗಳ ಫಿರಂಗಿಗಳು ಯು-131 ಅನ್ನು ಮುಳುಗಿಸಿದವು. ಅದರ ನಾವಿಕರು ಸೆರೆಯಾದರು. ಫ್ಲೆಚರ್ ಅವರ ದೇಹ ಸಿಕ್ಕಿತು, ಮರುದಿನ ಅದನ್ನು ಗೌರವದಿಂದ ಸಮುದ್ರಕ್ಕೇ ಒಪ್ಪಿಸಿದರು.

18ರಂದು ಯು-434 ಎಂಬ ಇನ್ನೊಂದು ಜಲಾಂತರ್ಗಾಮಿ ಮುಳುಗಿತು. 19ರ ಬೆಳಗಿನ ಜಾವ ಯು-574 ಕಾವಲು ನೌಕೆ ಸ್ಟ್ಯಾನ್ಲಿಗೆ ಟಾರ್ಪಿಡೊ ಹೊಡೆಯಿತು, ಹಡಗು ಸಿಡಿದು ಹೋಯಿತು, ಬದುಕಿದವರು ಕೆಲವೇ ಮಂದಿ. ಸ್ಟಾರ್ಕ್ ಆ ಜಲಾಂತರ್ಗಾಮಿಯನ್ನು ಮೇಲಕ್ಕೆಬ್ಬಿಸಿ, ಕತ್ತಲಲ್ಲಿ ಅದರ ಬೆನ್ನಿಗೆ ಬೆನ್ನು ಹತ್ತಿ ಗಿರಗಿರ ಸುತ್ತಿತು. ಎರಡೂ ಎಷ್ಟು ಹತ್ತಿರ ಇದ್ದವೆಂದರೆ ಸ್ಟಾರ್ಕ್‌ನ ಫಿರಂಗಿಯ ಮೂತಿಯನ್ನು ಅಷ್ಟು ಕೆಳಕ್ಕೆ ಬಾಗಿಸಲು ಆಗದೆ ಗುಂಡಿನವರು ಮುಷ್ಟಿ ತೋರಿಸುತ್ತಾ ಬೈಯುತ್ತಾ ನಿಂತಿದ್ದರು. ಕಡೆಗೆ ವಾಕರ್ ತಮ್ಮ ಹಡಗಿನ ಮೂತಿಯಿಂದಲೇ ಗುದ್ದಿ ಅದನ್ನು ಮುಳುಗಿಸಿದರು. ಅದೇ ರಾತ್ರಿ ರಕಿಂಜ್ ಎಂಬ ಸರಕು ಹಡಗು ಯು-108ಕ್ಕೆ ತುತ್ತಾಯಿತು. ಹಗಲಾದ ಮೇಲೆ ಕಾಂಡೋರ್‌ಗಳು ಬಂದವು, ಮಾರ್ಟ್‌ಲೆಟ್‌ಗಳು ಎರಡನ್ನು ಉರುಳಿಸಿದವು, ಇನ್ನೊಂದು ಪೆಟ್ಟು ತಿಂದು ಓಡಿತು. ಅಲ್ಲಿಗೆ ಅಡಾಸಿಟಿಯ ಲೆಕ್ಕಕ್ಕೆ ಐದು ಕಾಂಡೋರ್.

21ರ ಬೆಳಿಗ್ಗೆ ಒಂದು ವಿಚಿತ್ರ ದೃಶ್ಯ. ತಂಡದ ಬಹಳ ಹಿಂದೆ ಎರಡು ಜಲಾಂತರ್ಗಾಮಿಗಳು ಅಕ್ಕಪಕ್ಕ ನಿಂತು, ನಡುವೆ ಹಲಗೆ ಹಾಕಿಕೊಂಡು, ಏನನ್ನೋ ರಿಪೇರಿ ಮಾಡುತ್ತಿರುವುದು ಮಾರ್ಟ್‌ಲೆಟ್ ಪೈಲಟ್‌ಗೆ ಕಂಡಿತು. ಎರಗಿ ಗುಂಡು ಹಾರಿಸಿದಾಗ ಹಲಗೆಯ ಮೇಲಿದ್ದ ಮೂವರು ನೀರಿಗುರುಳಿದರು. ಆದರೆ ಜಲಾಂತರ್ಗಾಮಿಗಳು ಮುಳುಗಲಿಲ್ಲ. ಮಾರ್ಟ್‌ಲೆಟ್ ಹೊತ್ತಿದ್ದು ಬರೀ ಮಷಿನ್‌ಗನ್ ಗುಂಡುಗಳನ್ನು, ನೀರಿನಡಿಯ ಬಾಂಬು ಅದರಲ್ಲಿರಲಿಲ್ಲ. ಅಡಾಸಿಟಿಯ ದೊಡ್ಡ ಕೊರತೆ ಇದು: ನೋಡಬಲ್ಲುದು, ಓಡಿಸಬಲ್ಲುದು, ತಾನೇ ಕೊಲ್ಲಲಾರದು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ, ಯಾರ ತಪ್ಪು ಎಂಬುದು. ಅದೇ ದಿನದ ರಾತ್ರಿ. ಸ್ಪೇನಿನ ಫಿನಿಸ್ಟೆರ್ ಭೂಶಿರದ ಪಶ್ಚಿಮಕ್ಕೆ ಸುಮಾರು 500 ಮೈಲಿ. ವಾಕರ್ ಬಳಿ ಹಡಗುಗಳು ಕಡಿಮೆಯಾಗಿದ್ದವು. ಸ್ಟ್ಯಾನ್ಲಿ ಮುಳುಗಿತ್ತು, ಎಣ್ಣೆ ಸಾಲದೆ ಎರಡು ಡೆಸ್ಟ್ರಾಯರ್‌ಗಳು ಹಿಂದಿರುಗಿದ್ದವು, ಗುದ್ದಿದ ಪೆಟ್ಟಿಗೆ ಸ್ಟಾರ್ಕ್‌ನ ಮೂತಿ ಸೊಟ್ಟಗಾಗಿತ್ತು. ಪ್ರತಿರಾತ್ರಿಯಂತೆ ಅಡಾಸಿಟಿ ತಂಡವನ್ನು ಬಿಟ್ಟು ದೂರ ಹೋಗಿ ಅಂಕುಡೊಂಕಾಗಿ ಓಡಲು ಸಿದ್ಧವಾಯಿತು. ಒಂದು ಕಾರ್ವೆಟ್, ಅಂದರೆ ಸಣ್ಣ ಕಾವಲು ಹಡಗು, ಜೊತೆಗೆ ಕೊಡಿ ಎಂದು ಮೆಕೆಂಡ್ರಿಕ್ ಕೇಳಿದರು. ಕೊಡಲು ಇಲ್ಲ ಎಂದರು ವಾಕರ್, ಹೋಗುವುದೇ ಆದರೆ ತಂಡದ ಎಡಬದಿಗೆ ಹೋಗಿ ಎಂದು ಸೂಚಿಸಿದರು. ಮೆಕೆಂಡ್ರಿಕ್ ಬಲಬದಿಯೇ ಕ್ಷೇಮವೆಂದು ಭಾವಿಸಿದರು. ಇಬ್ಬರೂ ಕಮಾಂಡರ್‌ಗಳು, ಆದರೆ ಸೇವಾ ಜ್ಯೇಷ್ಠತೆಯಲ್ಲಿ ಮೆಕೆಂಡ್ರಿಕ್ ಹಿರಿಯರು. ಕಾವಲಿನ ಹೊಣೆ ಕಿರಿಯರದು, ಹಿರಿತನ ಇನ್ನೊಬ್ಬರದು. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ವಾಕರ್ ಆಜ್ಞೆ ಮಾಡಲಿಲ್ಲ. ಅಡಾಸಿಟಿ ಒಂಟಿಯಾಗಿ ಬಲಕ್ಕೆ, ಸುಮಾರು ಹತ್ತು ಮೈಲಿ ಆಚೆಗೆ ಹೋಯಿತು.

ಜರ್ಮನ್ನರ ಕಣ್ಣು ತಪ್ಪಿಸಲು ವಾಕರ್ ಒಂದು ಉಪಾಯ ಹೂಡಿದ್ದರು: ಕೆಲವು ಕಾವಲು ಹಡಗುಗಳು ದೂರ ಹೋಗಿ ಬೆಳಕುಗುಂಡು ಹಾರಿಸಿ, ಬಾಂಬು ಸಿಡಿಸಿ ಸುಳ್ಳು ಕದನ ನಡೆಸುವುದು, ಅಷ್ಟರಲ್ಲಿ ತಂಡ ಬೇರೆ ದಿಕ್ಕಿಗೆ ತಿರುಗುವುದು. ಸದ್ದು ಕೇಳಿದ ಸರಕು ಹಡಗಿನವರು ನಿಜವಾದ ದಾಳಿಯೆಂದೇ ತಿಳಿದು ತಾವೂ ಬೆಳಕುಗುಂಡು ಹಾರಿಸಿಬಿಟ್ಟರು. ಅದೇ ಹೊತ್ತಿನಲ್ಲಿ ಅನ್ನಾವೋರ್ ಎಂಬ ನಾರ್ವೆಯ ಹಡಗಿಗೆ ಟಾರ್ಪಿಡೊ ಬಿತ್ತು. ಸಮುದ್ರವೆಲ್ಲ ಹಗಲಿನಂತಾಯಿತು. ಆ ಬೆಳಕಿನಲ್ಲಿ ಯು-751ರ ನಾಯಕ ಗೆರ್‌ಹಾರ್ಡ್ ಬಿಗಾಲ್ಕ್‌ಗೆ ಉದ್ದನೆಯ, ಚಪ್ಪಟೆಯಾದ, ಇನ್ಯಾವ ಹಡಗಿಗೂ ಇಲ್ಲದ ಆಕಾರವೊಂದು ಕಪ್ಪಗೆ ಎದ್ದು ಕಂಡಿತು.

ಮೊದಲ ಟಾರ್ಪಿಡೊ ಎಂಜಿನ್ ಕೋಣೆಗೆ ಹೊಡೆಯಿತು. ಹಡಗು ನಿಂತಿತು, ಹಿಂಭಾಗ ನೀರಿಗೆ ಕುಸಿಯತೊಡಗಿತು. ಬಿಗಾಲ್ಕ್ ಅವಸರಿಸಲಿಲ್ಲ. ಟಾರ್ಪಿಡೊ ಮತ್ತೆ ತುಂಬಿಸಿಕೊಂಡು, ನೀರಿನ ಮೇಲೆಯೇ ಹತ್ತಿರ ಬಂದು ಇನ್ನೆರಡು ಹೊಡೆದ. ಮುಂಭಾಗ ಸಿಡಿದು ಮುರಿಯಿತು. ಹಡಗಿನ ಮೂತಿ ಕೆಳಗಾಗಿ ಹಿಂಭಾಗ ಮೇಲೆದ್ದಾಗ ಕಟ್ಟು ಹರಿದ ವಿಮಾನಗಳು ಡೆಕ್ಕಿನ ಮೇಲಿಂದ ಜಾರಿದವು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು. 73 ಮಂದಿ ಸತ್ತರು, ಅವರಲ್ಲಿ ಮೆಕೆಂಡ್ರಿಕ್ ಕೂಡ ಒಬ್ಬರು.

ಕಾರ್ವೆಟ್‌ಗಳು ಜನರನ್ನು ಎತ್ತಿಕೊಳ್ಳಲು ಬಂದವು, ಆದರೆ ಜಲಾಂತರ್ಗಾಮಿಯ ಭಯದಿಂದ ನಡುವೆ ದೂರ ಸರಿಯಬೇಕಾಯಿತು. ಡಿಸೆಂಬರಿನ ಅಟ್ಲಾಂಟಿಕ್‌ನಲ್ಲಿ ಗಂಟೆಗಟ್ಟಲೆ ತೇಲುತ್ತಿದ್ದವರಲ್ಲಿ ಎರಿಕ್ ಬ್ರೌನ್ ಕೂಡ ಇದ್ದರು. ಅವರು ಮುಂದೆ ಹೇಳಿಕೊಂಡಂತೆ, 24 ಮಂದಿ ಚೆದುರಿಹೋಗದಿರಲೆಂದು ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡಿದ್ದರು. ನಾವಿಕರ ಬಳಿ ಇದ್ದದ್ದು ಎದೆಗೆ ಸುತ್ತುವ ಸಾದಾ ಗಾಳಿಕೊಳವೆ. ನಿದ್ದೆ ಹತ್ತಿದರೆ ತಲೆ ಮುಂದಕ್ಕೆ ವಾಲಿ ಮುಖ ನೀರಿಗಿಳಿಯುತ್ತಿತ್ತು. ಪೈಲಟ್‌ಗಳ ಜಾಕೆಟ್ ಮಾತ್ರ ತಲೆಯನ್ನು ಮೇಲೆತ್ತಿ ಹಿಡಿಯುತ್ತಿತ್ತು. ಒಬ್ಬೊಬ್ಬರೇ ಸುಮ್ಮನಾಗುತ್ತಾ ಹೋದರು, ಸತ್ತವರ ಹಗ್ಗ ಬಿಚ್ಚಬೇಕಾಯಿತು. ಕೊನೆಗೆ ಉಳಿದವರು ಇಬ್ಬರೇ, ಇಬ್ಬರೂ ಪೈಲಟ್‌ಗಳು. ಈ ಭಾಗ ಬಂದಾಗಲೆಲ್ಲ ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂರುತ್ತೇನೆ.

ತಪ್ಪು ಯಾರದು ಎಂದರೆ, ವಾಕರ್ ಅದನ್ನು ತಮ್ಮ ಮೇಲೆಯೇ ಹಾಕಿಕೊಂಡರು. ತಾನು ಪಟ್ಟು ಹಿಡಿಯಬೇಕಿತ್ತು ಎಂದು ಆಮೇಲಿನ ವರದಿಯಲ್ಲಿ ಒಪ್ಪಿಕೊಂಡರು. ಅದು ಅವರ ದೊಡ್ಡತನ. ನನ್ನ ತೀರ್ಮಾನ ಬೇರೆ. ವಿಮಾನವಾಹಕ ರಾತ್ರಿಯಲ್ಲಿ ಎಲ್ಲಿರಬೇಕು, ಯಾರ ಮಾತು ಕೇಳಬೇಕು ಎಂಬುದಕ್ಕೆ ಆಗಿನ್ನೂ ನಿಯಮವೇ ಇರಲಿಲ್ಲ. ಆ ಬಗೆಯ ಹಡಗೇ ಹೊಸದು. ಓಡುವ ವೇಗವೇ ತನ್ನ ರಕ್ಷಣೆ ಎಂಬ ದೊಡ್ಡ ವಿಮಾನವಾಹಕಗಳ ರೂಢಿಯನ್ನು ಮೆಕೆಂಡ್ರಿಕ್ ಪಾಲಿಸಿದರು. 30 ನಾಟ್ ವೇಗದ ಹಡಗಿಗೆ ಅದು ಸರಿ, ನೀರಿನ ಮೇಲೆ 17 ನಾಟ್ ಓಡುವ ಜಲಾಂತರ್ಗಾಮಿಯ ಎದುರು 15 ನಾಟಿನ ಬಾಳೆಹಣ್ಣಿನ ಹಡಗಿಗೆ ಅಲ್ಲ. ಅವರನ್ನು ಅಹಂಕಾರಿ ಎಂದು ಬರೆದವರೂ ಇದ್ದಾರೆ, ಅದು ಅನ್ಯಾಯ. ಒಂದು ಕಾರ್ವೆಟ್ ಬೇಕೆಂದು ಕೇಳಿದವರು ಅವರೇ. ಅಪಾಯದ ಅರಿವಿಲ್ಲದ ಮನುಷ್ಯ ಹಾಗೆ ಕೇಳುವುದಿಲ್ಲ.

ಕದನದ ಲೆಕ್ಕ ಹೀಗೆ. ಬ್ರಿಟಿಷರು ಎರಡು ಸರಕು ಹಡಗು, ಸ್ಟ್ಯಾನ್ಲಿ ಮತ್ತು ಅಡಾಸಿಟಿಯನ್ನು ಕಳೆದುಕೊಂಡರು. ಮಿಕ್ಕ 30 ಸರಕು ಹಡಗುಗಳು ಊರು ಸೇರಿದವು. ಜರ್ಮನ್ನರು ಐದು ಜಲಾಂತರ್ಗಾಮಿಗಳನ್ನು ಕಳೆದುಕೊಂಡರು. ಅದರಲ್ಲಿ ಒಂದು, 15ರಂದೇ ಆಸ್ಟ್ರೇಲಿಯಾದ ನೆಸ್ಟರ್ ಮುಳುಗಿಸಿದ ಯು-127. ಅಡಾಸಿಟಿ ಮುಳುಗಿದ ರಾತ್ರಿಯೇ ಡೆಪ್ಟ್‌ಫರ್ಡ್ ಎಂಬ ನೌಕೆ ಯು-567ನ್ನೂ ಅದರ ಪ್ರಸಿದ್ಧ ನಾಯಕ ಎಂಡ್ರಾಸ್‌ನನ್ನೂ ಮುಗಿಸಿತ್ತು. ಜರ್ಮನ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಡೋನಿಟ್ಸ್‌ಗೆ ಪಾಠ ಸ್ಪಷ್ಟವಾಗಿತ್ತು: ಹಡಗು ತಂಡದ ಜೊತೆಗೆ ವಿಮಾನ ಬಂದರೆ ತಮ್ಮ ಬೇಟೆಯ ಕ್ರಮ ನಡೆಯುವುದಿಲ್ಲ, ಆದ್ದರಿಂದ ವಿಮಾನವಾಹಕವನ್ನು ಮುಳುಗಿಸುವುದೇ ಮುಖ್ಯ. ಬಿಗಾಲ್ಕ್ ತಾನು ಹೊಡೆದದ್ದು ಭಾರೀ ವಿಮಾನವಾಹಕವೆಂದೇ ವರದಿ ಮಾಡಿದ್ದ. ಐದು ದಿನಗಳಲ್ಲಿ ಅವನಿಗೆ ನೈಟ್ಸ್ ಕ್ರಾಸ್ ಪದಕ ಬಂತು. ಪುಟ್ಟ ಹಡಗಿನ ಬೆಲೆಯನ್ನು ಶತ್ರುವೇ ಸರಿಯಾಗಿ ಅಳೆದಿದ್ದ.

ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಇಂಥ ಹಡಗುಗಳ ಯೋಚನೆ ಅಡಾಸಿಟಿಯಿಂದಲೇ ಹುಟ್ಟಿತು ಎಂದು ಬರೆಯುವುದುಂಟು. ಅಮೆರಿಕದ ‘ಲಾಂಗ್ ಐಲೆಂಡ್’ ಎಂಬ ಇಂಥದೇ ಹಡಗು 1941ರ ಜೂನ್ 2ರಂದೇ ಸೇವೆಗೆ ಸೇರಿತ್ತು, ಬ್ರಿಟಿಷರು ಅಮೆರಿಕದಲ್ಲಿ ಮಾಡಿಸುತ್ತಿದ್ದ ‘ಆರ್ಚರ್’ ಎಂಬ ಹಡಗು ಅಡಾಸಿಟಿ ಮುಳುಗುವ ಮೊದಲೇ ಸಿದ್ಧವಾಗಿತ್ತು. ಯೋಚನೆ ಇತ್ತು, ಪುರಾವೆ ಇರಲಿಲ್ಲ. ಅದನ್ನು ಯುದ್ಧದಲ್ಲಿ ಮೊದಲು ಕೊಟ್ಟದ್ದು ಅಡಾಸಿಟಿ. ಅದರ ಕೊರತೆಗಳೂ ಮುಂದಿನವರಿಗೆ ಕೈದೀವಿಗೆಯಾದವು. ಮುಂದೆ ಬಂದ ಹಡಗುಗಳಿಗೆ ಹ್ಯಾಂಗರ್ ಮತ್ತು ಲಿಫ್ಟ್ ಬಂದವು, ನೀರಿನಡಿಯ ಬಾಂಬು ಹೊರುವ ಸೋರ್ಡ್‌ಫಿಶ್, ಅವೆಂಜರ್ ವಿಮಾನಗಳು ಬಂದವು, ವಿಮಾನವಾಹಕವನ್ನು ಸರಕು ಹಡಗುಗಳ ಸಾಲುಗಳ ನಡುವೆಯೇ ಇಟ್ಟುಕೊಳ್ಳುವುದು ಅಥವಾ ಅದಕ್ಕೇ ಮೀಸಲಾದ ಕಾವಲು ಕೊಡುವುದು ರೂಢಿಯಾಯಿತು. 1943ರ ಏಪ್ರಿಲ್ 25ರಂದು ಬೈಟರ್ ಎಂಬ ಇಂಥದೇ ಬ್ರಿಟಿಷ್ ವಿಮಾನವಾಹಕದ ಸೋರ್ಡ್‌ಫಿಶ್ ಮತ್ತು ಡೆಸ್ಟ್ರಾಯರ್ ಪಾತ್‌ಫೈಂಡರ್ ಸೇರಿ ಯು-203ನ್ನು ಮುಗಿಸಿದವು. ಮೇ 22ರಂದು ಅಮೆರಿಕದ ಬೋಗ್‌ನ ವಿಮಾನಗಳು ಯು-569ನ್ನು, ಮರುದಿನ ಆರ್ಚರ್‌ನ ಸೋರ್ಡ್‌ಫಿಶ್ ರಾಕೆಟ್‌ನಿಂದ ಯು-752ನ್ನು. ಆ ತಿಂಗಳ ಕೊನೆಗೆ ಡೋನಿಟ್ಸ್ ತನ್ನ ಜಲಾಂತರ್ಗಾಮಿಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ. ಇದಕ್ಕೆ ಬೇರೆ ಕಾರಣಗಳೂ ಇದ್ದವು, ದಡದಿಂದ ಹಾರುವ ದೂರಗಾಮಿ ವಿಮಾನಗಳು, ಹೊಸ ರೇಡಾರ್, ಸಂಕೇತ ಭೇದನೆ. ಆದರೆ ನಡುಸಮುದ್ರದಲ್ಲಿ ವಿಮಾನ ಮುಟ್ಟದ ಜಾಗ ಇನ್ನಿಲ್ಲವಾಯಿತು.

ಈ ಬಗೆಯ ಹಡಗುಗಳು ನಮ್ಮ ಸಮುದ್ರಕ್ಕೂ ಬಂದಿದ್ದವು. 1944ರ ಆಗಸ್ಟ್‌ನಲ್ಲಿ ಹಿಂದೂ ಮಹಾಸಾಗರದಲ್ಲಿ ಶಾ ಎಂಬ ಬೆಂಗಾವಲು ವಿಮಾನವಾಹಕದ ಅವೆಂಜರ್ ವಿಮಾನ ಯು-198ನ್ನು ಕಂಡುಹಿಡಿಯಿತು. 12ರಂದು ಸೀಶೆಲ್ಸ್ ದ್ವೀಪಗಳ ಬಳಿ ಅದನ್ನು ಮುಳುಗಿಸಿದ ನೌಕೆಗಳು ಎರಡು, ಬ್ರಿಟನ್ನಿನ ಫಿಂಡ್‌ಹಾರ್ನ್ ಮತ್ತು ಅಂದಿನ ಭಾರತೀಯ ನೌಕಾಪಡೆಯ ಗೋದಾವರಿ. ಮೇಲಿನಿಂದ ವಿಮಾನ ಕಂಡು ಹೇಳುವುದು, ಕೆಳಗೆ ಹಡಗು ಹೋಗಿ ಹೊಡೆಯುವುದು: 1941ರ ಡಿಸೆಂಬರ್ 17ರ ಬೆಳಿಗ್ಗೆ ಯು-131ರ ಮೇಲೆ ನಡೆದ ಕ್ರಮವೇ ಇದು.

ಯು-751ರ ಕಥೆಯನ್ನೂ ಹೇಳಿ ಮುಗಿಸುತ್ತೇನೆ. ಅದು ಅಡಾಸಿಟಿಗಿಂತ ಏಳು ತಿಂಗಳು ಕೂಡ ಹೆಚ್ಚು ಬದುಕಲಿಲ್ಲ. 1942ರ ಜುಲೈ 17ರಂದು ಸ್ಪೇನಿನ ವಾಯುವ್ಯ ತೀರದಾಚೆ ನೀರಿನ ಮೇಲೆ ಸಾಗುತ್ತಿದ್ದಾಗ ಮೊದಲು ಒಂದು ವಿಟ್ಲಿ, ಆಮೇಲೆ ಒಂದು ಲ್ಯಾಂಕಾಸ್ಟರ್, ಎರಡು ಬ್ರಿಟಿಷ್ ವಿಮಾನಗಳು ಅದನ್ನು ಮುಳುಗಿಸಿದವು. ಬಿಗಾಲ್ಕ್ ಸೇರಿ ಅದರಲ್ಲಿದ್ದ 48 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.